ಬಿಡಿಸುವ ಕೆಲಸ

ಜನವರಿ 9

ಅತ್ತೆ,

‘ನಾನು ಕ್ಷೇಮ, ನೀನು ಕ್ಷೇಮವೇ’ ಎಂದು ಅರ್ಧ ಪುಟ ತುಂಬಿಸಿದರೆ ಪತ್ರವನ್ನು ವಾಪಸ್ಸು ಕಳಿಸುತ್ತೇನೆ ಎಂದು ಬಸ್ ಹತ್ತಿಸುವಾಗ ನೀನು ಹೆದರಿಸಿದ್ದೆ. ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ. ಕೆಲಸ ಸಿಕ್ಕಿತು. ಬಣ್ಣದ ಕೆಲಸ. ನಗರಸಭೆಯ ಕಂಟ್ರಾಕ್ಟರನ ಕೈಕೆಳಗೆ ನಾವು ಮೂವರು: ಮೇಸ್ತ್ರಿ, ಉದ್ದಣ್ಣ, ನಾನು. ಉದ್ದಣ್ಣನಿಗೆ ಬೇರೆ ಹೆಸರು ಇದ್ದಿರಬೇಕು, ಅವನಿಗೂ ಮರೆತಿದೆ. ಏಣಿ ಇಲ್ಲದೆಯೇ ಸಜ್ಜಾ ಮುಟ್ಟುತ್ತಾನೆ. ದಿನವಿಡೀ ಗೋಡೆಗಳ ಮುಂದೆಯೇ ನಮ್ಮ ಬದುಕು.

ಕೋಣೆ ವೆಲ್ಡಿಂಗ್ ಅಂಗಡಿಯ ಮೇಲೆ. ಬೇಕರಿಯಲ್ಲಿ ದುಡಿಯುವ ಇಬ್ಬರು ಅಕ್ಕಂದಿರ ಜೊತೆ ಇದ್ದೇನೆ. ಕೆಳಗೆ ಕಿಡಿ ಹಾರಿದಾಗಲೆಲ್ಲ ನಮ್ಮ ಕಿಟಕಿ ನೀಲಿಯಾಗುತ್ತದೆ. ಅಕ್ಕಂದಿರು ನನ್ನ ಜೊತೆ ತುಂಬ ಮಾತಾಡುತ್ತಾರೆ. ನಾನು ತಲೆಯಾಡಿಸುತ್ತೇನೆ. ಅವರಿಗೆ ಅಷ್ಟೇ ಸಾಕಂತೆ.

ಈ ಬಡಾವಣೆಗೆ ಕಾಲಿಟ್ಟ ದಿನ ತಿರುಗಿ ಬಂದುಬಿಡೋಣ ಅನ್ನಿಸಿತ್ತು. ಮುಚ್ಚಿದ ಕಾರ್ಖಾನೆಗಳು, ಟೈರ್ ಅಂಗಡಿಗಳು, ಗಾಜಿನ ಚೂರು ನೆಟ್ಟ ಕಾಂಪೌಂಡುಗಳು, ಕಪ್ಪು ನೀರಿನ ಚರಂಡಿ. ಗಾಳಿಗೂ ಗ್ರೀಸಿನ ವಾಸನೆ. ಮೂರನೇ ದಿನ ಮೇಸ್ತ್ರಿ ನೀರು ತರಲು ಕಳಿಸಿದರು. ನಲ್ಲಿ ಹುಡುಕುತ್ತ ಬೀಗದ ರಿಪೇರಿಯವನ ಸಂದಿಗೆ ನುಗ್ಗಿದೆ. ಅವನ ಅಂಗಡಿ ಇನ್ನೂ ತೆರೆದಿರಲಿಲ್ಲ. ಶಟರಿನ ಮೇಲೆ ನಾಯಿಯೊಂದು ಮಲಗಿತ್ತು. ಬಣ್ಣದ ನಾಯಿ, ಎತ್ತಿನಷ್ಟು ದೊಡ್ಡದು. ಶಟರಿನ ಒಂದೊಂದು ಮಡಿಕೆಯೂ ಅದರ ಪಕ್ಕೆಲುಬು. ಕೊಡ ಕೆಳಗಿಟ್ಟು ನೋಡುತ್ತ ನಿಂತಿದ್ದೆ. ಬೀಗದವನು ಬಂದು, “ಸ್ವಲ್ಪ ಸರಿಯಮ್ಮ, ನಾಯೀನ ಎಬ್ಬಿಸಬೇಕು” ಎಂದು ಶಟರ್ ಎತ್ತಿದ. ನಾಯಿ ಬೆನ್ನಿನಿಂದ ಶುರುವಾಗಿ ಸುರುಳಿ ಸುತ್ತಿಕೊಂಡು ಮೇಲೆ ಹೋಯಿತು. ಅದರ ಮೂತಿ ಒಳಗೆ ಹೋಗುವವರೆಗೂ ನಾನು ಅಲ್ಲಾಡಲಿಲ್ಲ.

ಅಂದಿನಿಂದ ನನಗೆ ಹುಡುಕುವ ಹುಚ್ಚು ಹಿಡಿದಿದೆ. ಮೂಲೆಯ ಕರೆಂಟು ಪೆಟ್ಟಿಗೆ ಒಬ್ಬ ಅಜ್ಜನ ಮುಖ. ಲೈನ್‌ಮನ್ ಬಾಗಿಲು ತೆಗೆದರೆ ಅಜ್ಜ ಬಾಯಿ ಬಿಟ್ಟ ಹಾಗೆ. ಒಳಗೆ ಒಂದು ಫ್ಯೂಸ್ ಇರಲಿಲ್ಲ. “ಅಜ್ಜಂಗೆ ಹಲ್ಲು ಕಟ್ಟಿಸಬೇಕು” ಎಂದ ಲೈನ್‌ಮನ್. ಗೋದಾಮಿನ ಹಿಂದಿನ ಮೆಟ್ಟಿಲುಗಳಲ್ಲಿ ಒಂದು ಮೀನಿದೆ. ಮೆಟ್ಟಿಲಿಗೊಂದು ತುಂಡು. ಕೆಳಗೆ ದೂರ ನಿಂತರೆ ಇಡೀ ಮೀನು. ಹತ್ತುತ್ತ ಹೋದರೆ ಅದು ಚೂರುಚೂರಾಗಿ ಕಾಲಡಿಗೆ ಬರುತ್ತದೆ. ನಾನು ಏಳು ಸಲ ಹತ್ತಿ ಇಳಿದೆ. ಮೂಟೆ ಹೊರುವವನೊಬ್ಬ, “ಏನಾದ್ರೂ ಕಳಕೊಂಡ್ಯಾ?” ಎಂದು ಕೇಳಿದ. ತಲೆಯಾಡಿಸಿದೆ.

ನಿನ್ನ ಪಿಸು

*

ಜನವರಿ 20

ಪಿಸು,

ಫೋನಿನಲ್ಲಿ ಹೂಂ, ಊಹೂಂ ಬಿಟ್ಟು ಮೂರನೇ ಮಾತಾಡದವಳು ಎರಡು ಹಾಳೆ ಬರೆದಿದ್ದೀಯ. ಪತ್ರವನ್ನೇ ಬರಿ ಎಂದ ನನ್ನ ಬುದ್ಧಿಗೆ ನಾನೇ ಮೆಚ್ಚಿದೆ. ಅಂಗಡಿಯಲ್ಲಿ ಜೋರಾಗಿ ಓದಿದೆ. ಹೊಲಿಯುವ ಹುಡುಗಿಯರು ಮಷೀನ್ ನಿಲ್ಲಿಸಿ ಕೇಳಿದರು. ನಾಯಿ ಸುರುಳಿ ಸುತ್ತಿಕೊಂಡದ್ದನ್ನು ಎರಡು ಸಲ ಓದಿಸಿಕೊಂಡರು. ಅವತ್ತು ಒಂದು ಪ್ಯಾಂಟಿಗೂ ಝಿಪ್ ಕೂರಿಸಲಾಗಲಿಲ್ಲ.

ಈಗ ಸರಿಯಾಗಿ ಹೇಳು. ಬಣ್ಣದ ಕೆಲಸ ಎಂದು ಬರೆದಿದ್ದೀಯ. ಅಂದರೆ ನೀನೂ ಗೋಡೆಯ ಮೇಲೆ ಬಿಡಿಸುತ್ತೀಯಾ? ಇಸ್ತ್ರಿಯವನು ಕೇಳಿದ. ಬಿಡಿಸುತ್ತಾಳೆ ಎಂದೇ ಹೇಳಿದೆ. ಅವನು ಸಂಜೆಯೊಳಗೆ ಬೀದಿಗೆಲ್ಲ ಹಂಚಿದ. ಚಿಕ್ಕವಳಿದ್ದಾಗ ನೀನು ಕತ್ತರಿಸಿ ಉಳಿದ ಬಟ್ಟೆಯ ಮೇಲೆಲ್ಲ ಚಾಕ್‌ಪೀಸಿನಲ್ಲಿ ಗೀಚುತ್ತಿದ್ದೆ, ನಾನು ಬೈಯುತ್ತಿದ್ದೆ. ಆ ಬೈಗುಳವನ್ನೆಲ್ಲ ವಾಪಸ್ಸು ತೆಗೆದುಕೊಂಡಿದ್ದೇನೆ.

ಏಣಿ ಹತ್ತುವಾಗ ಬಟ್ಟೆ ಹರಿದರೆ ಹಾಗೇ ಹಾಕಿಕೊಂಡು ತಿರುಗಬೇಡ. ಅಲ್ಲಿಯ ಟೈಲರಿಗೂ ಕೊಡಬೇಡ. ನನ್ನ ಹೊಲಿಗೆಯನ್ನು ಇನ್ನೊಬ್ಬರು ಮುಟ್ಟಬಾರದು. ನನಗೇ ಕಳಿಸು.

ಅತ್ತೆ

*

ಫೆಬ್ರವರಿ 2

ಅತ್ತೆ,

ನೀನು ಕೇಳಿದ್ದಕ್ಕೆ ಉತ್ತರ: ಹೌದು, ದಿನಾ ಬಿಡಿಸುತ್ತೇನೆ.

ಅದಿರಲಿ. ಅದಕ್ಕಿಂತ ದೊಡ್ಡ ಸುದ್ದಿ ಇದೆ. ಐಸ್ ಫ್ಯಾಕ್ಟರಿಯ ಪಕ್ಕದ ಗೋಡೆ. ಮೂರು ಮಹಡಿ ಎತ್ತರ, ಕಿಟಕಿಗಳೇ ಇಲ್ಲ. ಅಷ್ಟೂ ಗೋಡೆಗೆ ಎರಡೇ ಕೈಗಳು. ಬೇರೇನೂ ಇಲ್ಲ, ಮುಖ ಕೂಡ ಇಲ್ಲ. ಒಂದು ಕೈಯಲ್ಲಿ ಸೂಜಿ, ಇನ್ನೊಂದು ಕೈ ದಾರ ಪೋಣಿಸುತ್ತಿದೆ. ದಾರ ಯಾವುದು ಗೊತ್ತಾ? ರಸ್ತೆಯ ಆ ಕಡೆಯ ಕಂಬದಿಂದ ಬರುವ ನಿಜವಾದ ಕಪ್ಪು ಕೇಬಲ್. ಅದು ಗೋಡೆಗೆ ತಾಗುವ ಜಾಗದಲ್ಲೇ ಬೆರಳುಗಳು ಅದನ್ನು ಹಿಡಿದುಕೊಂಡಿವೆ. ಗಾಳಿ ಬೀಸಿದರೆ ಕೇಬಲ್ ತೂಗುತ್ತದೆ, ಸೂಜಿಗೆ ದಾರ ಈಗ ಹೋಯಿತು, ಈಗ ಹೋಯಿತು ಅನ್ನಿಸುತ್ತದೆ. ನಾನು ಕತ್ತು ನೋಯುವವರೆಗೂ ನೋಡಿದೆ. ಹಿಂದಿನಿಂದ ಟೆಂಪೋದವನು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಇಳಿದು ಬಂದ. ಬೈಯುತ್ತಾನೆ ಎಂದುಕೊಂಡೆ. ಅವನೂ ತಲೆಯೆತ್ತಿ ನೋಡಿ, “ಇವತ್ತಾದ್ರೂ ಹೋಗುತ್ತಾ?” ಎಂದ.

ಹೆಬ್ಬೆರಳಿನ ತುದಿ ನಿನ್ನದರ ಹಾಗೇ ಇದೆ, ಸೂಜಿ ಚುಚ್ಚಿ ಚುಚ್ಚಿ ಒರಟಾಗಿದೆ. ಇದು ನಾನಾಗಿಯೇ ಅಂದುಕೊಂಡದ್ದೋ, ನಿಜವಾಗಿ ಹಾಗೇ ಇದೆಯೋ ಗೊತ್ತಿಲ್ಲ. ದಿನಾ ಅರ್ಧ ಮೈಲಿ ಸುತ್ತು ಬಳಸಿಯಾದರೂ ಆ ಗೋಡೆಯ ಮುಂದೆಯೇ ಕೋಣೆಗೆ ಹೋಗುತ್ತೇನೆ.

ಏಣಿಯ ಮೊಳೆಗೆ ಸಿಕ್ಕಿ ಕೆಲಸದ ಅಂಗಿಯ ಜೇಬು ಹರಿದಿದೆ. ನೀನು ಹೇಳಿದಂತೆ ಬೇರೆ ಕಟ್ಟಿನಲ್ಲಿ ಕಳಿಸಿದ್ದೇನೆ. ಒಗೆದೇ ಕಳಿಸಿದ್ದು. ಬಣ್ಣ ಮಾತ್ರ ಹೋಗುವುದಿಲ್ಲ.

ಪಿಸು

*

ಫೆಬ್ರವರಿ 16

ಪಿಸು,

ಅಂಗಿ ಬಂತು. ಜೇಬಿಗೆ ಒಳಗಿನಿಂದ ದಪ್ಪ ಬಟ್ಟೆ ಕೊಟ್ಟು ಹೊಲಿದಿದ್ದೇನೆ, ಇನ್ನು ಮೊಳೆಯೇ ಹರಿಯಬೇಕು. ಹೌದು, ಬಣ್ಣ ಹೋಗಲಿಲ್ಲ.

ಆ ಕೈಗಳ ಬಗ್ಗೆ ಒಂದು ಮಾತು. ಬಿಡಿಸಿದವರು ಯಾರೋ, ಅವರಿಗೆ ಹೊಲಿಗೆ ಬರುವುದಿಲ್ಲ. ನೀನು ಬರೆದ ಪ್ರಕಾರ ದಾರ ಸೂಜಿಯ ಹತ್ತಿರ ಹೋಗುತ್ತಿದೆ. ಹಾಗೆ ಪೋಣಿಸುವವಳು ಸಂಜೆವರೆಗೂ ಎಂಜಲು ಹಚ್ಚುತ್ತ ಕೂರಬೇಕು. ದಾರವನ್ನು ಎರಡು ಬೆರಳ ಮಧ್ಯೆ ತುಸುವೇ ಇಣುಕುವಂತೆ ಹಿಡಿದು, ಸೂಜಿಯನ್ನೇ ಅದರ ಮೇಲೆ ತರಬೇಕು. ನಿನಗೆ ಎಂಟನೇ ವಯಸ್ಸಿನಲ್ಲೇ ಕಲಿಸಿದ್ದೆ. ಆ ಗೋಡೆಯವರಿಗೆ ಯಾರೂ ಕಲಿಸಿಲ್ಲ. ಇವತ್ತಲ್ಲ, ಬರುವ ವರ್ಷವೂ ಅದು ಹೋಗುವುದಿಲ್ಲ ಎಂದು ಟೆಂಪೋದವನಿಗೆ ಹೇಳು.

ಇನ್ನೊಂದು ವಿಷಯ. ನೀನು ಓದಿದ ಶಾಲೆಗೆ ಹೊಸ ಕಾಂಪೌಂಡ್ ಕಟ್ಟಿದ್ದಾರೆ. ಮೊನ್ನೆ ಹದಿನಾಲ್ಕರಂದು ದೊಡ್ಡ ಟೀಚರ್ ಅಳತೆ ಕೊಡಲು ಬಂದಿದ್ದರು. “ನಿಮ್ಮ ಹುಡುಗಿ ದೊಡ್ಡ ಊರಲ್ಲಿ ಗೋಡೆ ಮೇಲೆ ಬಿಡಿಸ್ತಾಳಂತಲ್ಲ, ನಮ್ಮ ಗೋಡೆಗೂ ಏನಾದ್ರೂ ಬಿಡಿಸಿಕೊಡ್ತಾಳಾ?” ಎಂದು ಕೇಳಿದರು. ಆಗಲಿ ಎಂದೆ. ಏಪ್ರಿಲ್ ಎರಡನೇ ವಾರ ನಾಲ್ಕು ದಿನ ರಜೆ ಹಾಕಿ ಬಾ. ಮಾತು ಕೊಟ್ಟಾಗಿದೆ.

ಅತ್ತೆ

*

ಮಾರ್ಚ್ 14

ಪಿಸು,

ಒಂದು ತಿಂಗಳಾಯಿತು. ಜ್ವರವೋ? ಕೋಪವೋ? ಫೋನ್ ಮಾಡಿದರೆ ‘ಹೂಂ, ಬರೀತೀನಿ’ ಎಂದು ಇಟ್ಟುಬಿಡುತ್ತೀಯ. ಶಾಲೆಯವರು ಗೋಡೆಯನ್ನು ತೊಳೆಸಿದ್ದಾರೆ. ಮಕ್ಕಳು ಅಂಗಡಿಯ ಬಾಗಿಲಲ್ಲಿ ನಿಂತು, ಹುಲಿ ಬಿಡಿಸುತ್ತಾರಾ, ಹಲ್ಲು ತೋರಿಸುತ್ತದಾ ಎಂದು ಕೇಳುತ್ತಾರೆ. ಬರುವುದಿಲ್ಲವಾದರೆ ಬರುವುದಿಲ್ಲ ಎಂದೇ ಬರಿ. ಒಂದು ಸಾಲು ಸಾಕು.

ಅತ್ತೆ

*

ಮಾರ್ಚ್ 20

ಅತ್ತೆ,

ಒಂದು ಸಾಲಿನಲ್ಲಿ ಆಗುವುದಿಲ್ಲ. ಇದನ್ನು ಅಂಗಡಿಯಲ್ಲಿ ಜೋರಾಗಿ ಓದಬೇಡ.

ನಾನು ಚಿತ್ರ ಬಿಡಿಸುವುದಿಲ್ಲ. ನಮ್ಮದು ಅಳಿಸುವ ಕೆಲಸ. ಗೋಡೆಗಳ ಮೇಲಿನ ಪೋಸ್ಟರು, ಗೀಚಿದ್ದು, ಬರೆದದ್ದು, ಗೋಡೆಯವರು ಬೇಡ ಎಂದ ಚಿತ್ರಗಳು, ಎಲ್ಲದರ ಮೇಲೂ ಬೂದು ಬಣ್ಣ ಬಳಿಯುವುದು. ನೀನು ಕೇಳಿದ್ದು ಚಿತ್ರ ಬಿಡಿಸುವುದನ್ನು. ನಾನು ‘ಬಿಡಿಸುತ್ತೇನೆ’ ಎಂದು ಬರೆದದ್ದು ಹೊಲಿಗೆ ಬಿಡಿಸುತ್ತೇವಲ್ಲ, ಆ ಅರ್ಥದಲ್ಲಿ. ಹಾಕಿದ್ದನ್ನು ತೆಗೆಯುವುದು. ಸುಳ್ಳೂ ಆಗಲಿಲ್ಲ, ನಿಜವೂ ಆಗಲಿಲ್ಲ ಎಂದು ಆವತ್ತು ಸಮಾಧಾನ ಮಾಡಿಕೊಂಡೆ. ನೀನು ಬೀದಿಗೆಲ್ಲ ಹೇಳಿದ್ದೀಯ ಎಂದು ಓದಿದಾಗ ತುಂಬ ಖುಷಿಯಾಗಿತ್ತು, ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಆಮೇಲೆ ಶಾಲೆಯ ಗೋಡೆ ಬಂತು. ನಾಲ್ಕು ಸಲ ಪತ್ರ ಶುರು ಮಾಡಿ ಹರಿದೆ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಹೋದ ವಾರ ಒಂದು ದೊಡ್ಡ ಎಡವಟ್ಟು ಮಾಡಿದೆ.

ಅಳಿಸಬೇಕಾದ ಗೋಡೆಗೆ ಮೇಸ್ತ್ರಿ ಹಿಂದಿನ ಸಂಜೆಯೇ ಚಾಕ್‌ಪೀಸಿನಲ್ಲಿ ಇಂಟು ಗುರುತು ಹಾಕಿರುತ್ತಾರೆ. ನಾನು ಇಷ್ಟು ದಿನ ಉದ್ದಣ್ಣನ ಹಿಂದೆ ಹಿಂದೆ, ಅವನು ತೋರಿಸಿದಲ್ಲಿ ರೋಲರ್ ಆಡಿಸುತ್ತಿದ್ದೆ. ಗುರುತು ನೋಡುವ ಕೆಲಸವೇ ನನಗೆ ಬಿದ್ದಿರಲಿಲ್ಲ. ಅವತ್ತು ಉದ್ದಣ್ಣನಿಗೆ ಜ್ವರ. ಮೇಸ್ತ್ರಿ, “ಐಸ್ ಫ್ಯಾಕ್ಟರಿ ರಸ್ತೆ. ಗುರುತು ಹಾಕಿದ್ದೀನಿ, ನೋಡ್ಕೊಂಡು ಬಳಿ” ಎಂದು ಬೇರೆ ಬೀದಿಗೆ ಹೋದರು. ಹೋಗಿ ನೋಡಿದರೆ ಕೈಗಳ ಗೋಡೆಯ ಬುಡದಲ್ಲೇ ಇಂಟು. ನಮ್ಮ ಅಂಗಡಿಯಲ್ಲಿ ಬಟ್ಟೆಯ ಮೇಲೆ ನೀನು ಇಂಟು ಹಾಕಿದರೆ ಏನರ್ಥ? ಇಲ್ಲಿ ಕತ್ತರಿ ಬೇಡ. ಹತ್ತು ವರ್ಷ ಅದನ್ನೇ ನೋಡಿ ಬೆಳೆದವಳು ನಾನು. ಸದ್ಯ, ಕೈಗಳನ್ನು ಉಳಿಸಿಕೊಂಡಿದ್ದಾರೆ ಎಂದು ಮನಸ್ಸಿನಲ್ಲೇ ಮೇಸ್ತ್ರಿಗೆ ಕೈಮುಗಿದು, ಪಕ್ಕದ ಗುರುತಿಲ್ಲದ ಗೋಡೆಯನ್ನು ಚೆನ್ನಾಗಿ ಬೂದು ಮಾಡಿದೆ. ಅದು ಟ್ಯೂಷನ್ ಮೇಷ್ಟ್ರ ಗೋಡೆ. ‘ನೂರಕ್ಕೆ ನೂರು ಫಲಿತಾಂಶ’ ಎಂದು ಹೊಸದಾಗಿ ಬರೆಸಿದ್ದರು.

ಮೇಷ್ಟ್ರು ಓಡಿ ಬರುವಾಗ ಕೊನೆಯ ‘ಶ’ದ ಬಾಲವಷ್ಟೇ ಉಳಿದಿತ್ತು. “ಯಾರಮ್ಮ ಬಳಿ ಅಂದದ್ದು? ಗುರುತು ಇರಲಿಲ್ಲ ತಾನೆ?”

“ಇರಲಿಲ್ಲ ಅಂತಲೇ ಬಳಿದೆ ಸಾರ್.”

ಅವರು ಕೂಗಿ ಮೇಸ್ತ್ರಿಯನ್ನು ಕರೆಸಿದರು. ಮೇಸ್ತ್ರಿ ಬಂದರು. ಇಂಟು ಅಂದರೆ ಏನೆಂದುಕೊಂಡೆ ಎಂದು ಕೇಳಿದರು. ಕತ್ತರಿ ಹಾಕಬಾರದು ಅಂತ, ಎಂದೆ. “ಗೋಡೆಗೆ ಯಾವ ಕತ್ತರೀನಮ್ಮ?” ಅಷ್ಟು ಹೊತ್ತಿಗೆ ರಸ್ತೆಯೆಲ್ಲ ಸೇರಿತ್ತು. ಒಬ್ಬ, “ನೂರಕ್ಕೆ ಸೊನ್ನೆ ಬಂತಲ್ಲ ಮೇಷ್ಟ್ರೇ” ಎಂದ. ನಾನು ಬಕೆಟ್ಟಿನೊಳಗೆ ಇಳಿದುಬಿಡೋಣ ಎಂದುಕೊಂಡೆ.

ತೀರ್ಪು ಏನಾಯಿತೆಂದರೆ, ಮೇಷ್ಟ್ರ ಅಕ್ಷರಗಳನ್ನು ನಾನೇ ಮತ್ತೆ ಬರೆದುಕೊಡಬೇಕು; ಅದಕ್ಕೆ ಮೊದಲು ಕೈಗಳ ಗೋಡೆಯನ್ನು ಇವತ್ತೇ ಅಳಿಸಬೇಕು. ಫ್ಯಾಕ್ಟರಿಯನ್ನು ಹೊಸಬರು ಹಿಡಿದಿದ್ದಾರೆ, ಅವರಿಗೆ ಚಿತ್ರ ಬೇಡವಂತೆ.

ರೋಲರ್ ಅದ್ದಿದೆ, ಎತ್ತಲಾಗಲಿಲ್ಲ. ಆಗ ಗುಂಪಿನಿಂದ ಒಬ್ಬಳು ಮುಂದೆ ಬಂದಳು. ನಲವತ್ತು ದಾಟಿರಬೇಕು, ಭುಜದ ಮೇಲೆ ಏಣಿ. ಎಲ್ಲರೂ ‘ಏಣಿ ಅಕ್ಕ’ ಎಂದು ದಾರಿ ಬಿಟ್ಟರು. ನಾಯಿ, ಅಜ್ಜ, ಮೀನು, ಕೈಗಳು, ಎಲ್ಲ ಅವಳದೇ. ಈಗ ನನ್ನ ಕೆನ್ನೆಗೆ ಬೀಳುತ್ತದೆ ಎಂದುಕೊಂಡೆ. ಅವಳು ನನ್ನ ಬಕೆಟ್ಟಿಗೆ ಬೆರಳು ಅದ್ದಿ, ಉಜ್ಜಿ ನೋಡಿ, “ನಿಮ್ಮ ಮೇಸ್ತ್ರಿಗೆ ಹೇಳು, ಇಷ್ಟು ನೀರು ಹಾಕಬಾರದು. ಇದರ ಮೇಲೆ ನನ್ನ ಬಣ್ಣ ಹಿಡಿಯಲ್ಲ” ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ನಕ್ಕಳು. “ಆ ಮೀನಿನ ಕೆಳಗೆ ಏನಿದೆ ಅಂದ್ಕೊಂಡೆ? ಬೂದು. ಅಜ್ಜನ ಕೆಳಗೆ? ಬೂದು. ಹತ್ತು ವರ್ಷದಿಂದ ನೀವು ಬಳೀತೀರಿ, ನಾನು ಬಿಡಿಸ್ತೀನಿ, ನೀವು ಮತ್ತೆ ಬಳೀತೀರಿ. ಇಲ್ಲದಿದ್ರೆ ನನಗೆ ಖಾಲಿ ಗೋಡೆ ಎಲ್ಲಿಂದ ಬರಬೇಕು? ಕೊಡು ಇಲ್ಲಿ.”

ಒಂದು ರೋಲರ್ ಅವಳು ಹಿಡಿದಳು, ಒಂದು ನಾನು. ಸಂಜೆಯ ಹೊತ್ತಿಗೆ ಕೈಗಳು ಹೋದವು. ಹೆಬ್ಬೆರಳನ್ನು ಅವಳೇ ಬಳಿದಳು, ನನ್ನಿಂದ ಆಗಲಿಲ್ಲ. ಆಮೇಲೆ ನಿನ್ನ ಮಾತು ಹೇಳಿದೆ, ಅಷ್ಟು ಜನರ ಮುಂದೆ, ಬಾಯಿಬಿಟ್ಟು: ದಾರ ಸೂಜಿಯ ಹತ್ತಿರ ಹೋಗಬಾರದು, ಸೂಜಿಯೇ ದಾರದ ಮೇಲೆ ಬರಬೇಕು. ಅವಳು ಏಣಿಯ ಮೇಲೇ ಕೂತುಬಿಟ್ಟಳು. “ಒಂದೂವರೆ ವರ್ಷ ಇಡೀ ಊರು ಇದನ್ನ ನೋಡಿದೆ. ಒಬ್ಬರಾದ್ರೂ ಹೇಳಬಾರದಾ? ಯಾರು ನಿಮ್ಮತ್ತೆ?”

ಮೇಷ್ಟ್ರ ಗೋಡೆಗೆ ಮೂರು ದಿನ ಹಿಡಿಯಿತು. ಚಾಕ್‌ಪೀಸ್ ಹಚ್ಚಿದ ದಾರ ಬಿಗಿದು ಚಿಮ್ಮಿ ಗೆರೆ ಹೊಡೆದೆ, ಕಾಲರಿಗೆ ಮಾಡುವ ಹಾಗೆ ಪ್ರತಿ ಅಕ್ಷರದ ನಡು ಗುರುತು ಮಾಡಿಕೊಂಡೆ. ಕೆಂಪು ಬಣ್ಣ. ಬೂದು ಅಲ್ಲದ ಬಣ್ಣವನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಮೇಷ್ಟ್ರು ಸುತ್ತಲೂ ನಡೆದು, “ಮೊದಲಿದ್ದದ್ದಕ್ಕಿಂತ ಪರವಾಗಿಲ್ಲ” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತಂತೆ.

ಇಷ್ಟೇ ಅತ್ತೆ, ನಾನು ಮಾಡಿದ್ದು. ಒಂಬತ್ತು ಹತ್ತು ಅಕ್ಷರ. ಹುಲಿ ನನ್ನಿಂದ ಆಗುವುದಿಲ್ಲ. ದೊಡ್ಡ ಟೀಚರಿಗೆ ನೀನೇ ಏನಾದರೂ ಹೇಳು. ನಿನ್ನ ಮುಖಕ್ಕೆ ಮಸಿ ಬಳಿದೆ ಎಂದು ಗೊತ್ತು. ಇನ್ನು ನೀನು ನನ್ನ ಪತ್ರ ಓದುತ್ತೀಯೋ ಇಲ್ಲವೋ, ಅದೊಂದೇ ಯೋಚನೆ.

ಪಿಸು

*

ಮಾರ್ಚ್ 28

ಪಿಸು,

ಓದಿದೆ. ಒಬ್ಬಳೇ, ಅಂಗಡಿಯ ಬಾಗಿಲು ಹಾಕಿಕೊಂಡು. ಇಂಟು ಗುರುತಿನ ಹತ್ತಿರ ಬಂದಾಗ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಆ ಮೇಸ್ತ್ರಿಯನ್ನು ಇಲ್ಲಿಗೆ ಕಳಿಸು, ಗುರುತು ಹಾಕುವುದನ್ನು ಕಲಿಸುತ್ತೇನೆ.

ನೀನು ಮುಚ್ಚಿಟ್ಟದ್ದು ತಪ್ಪು. ಬೈಯುವುದನ್ನು ಎದುರಿಗೆ ಬೈಯುತ್ತೇನೆ, ಪತ್ರದಲ್ಲಿ ನನ್ನ ಬೈಗುಳ ಸಪ್ಪೆಯಾಗುತ್ತದೆ. ಆದರೆ ನಾನೂ ಒಂದನ್ನು ಮುಚ್ಚಿಟ್ಟಿದ್ದೇನೆ, ಅದನ್ನು ಹೇಳಿಬಿಡುತ್ತೇನೆ.

ನಿನ್ನ ಅಂಗಿ ನನ್ನ ಕೈ ಸೇರಿದ್ದು ಫೆಬ್ರವರಿ ಹತ್ತಕ್ಕೆ. ಒಳಗೆ ಹೊರಗೆ ಮಾಡಿ ನೋಡಿದೆ. ಕಾಲರಿನಿಂದ ಅಂಚಿನವರೆಗೆ ಒಂದೇ ಬಣ್ಣ. ಬೂದು. ನಾಯಿ, ಮೀನು ಬಿಡಿಸುವವಳ ಅಂಗಿಯಲ್ಲಿ ಒಂದು ಹನಿ ಕೆಂಪಾದರೂ ಬೇಡವೇ? ನಲವತ್ತು ವರ್ಷದಿಂದ ಜನರ ಬಟ್ಟೆ ನೋಡುತ್ತಿದ್ದೇನೆ. ಯಾರು ಎಲ್ಲಿ ಕೂತರು, ಯಾವ ಮೊಣಕೈ ಊರಿದರು, ಬಟ್ಟೆಯೇ ಹೇಳುತ್ತದೆ. ಅವತ್ತೇ ಗೊತ್ತಾಯಿತು. ದೊಡ್ಡ ಟೀಚರಿಗೆ ನಾನು ಮಾತು ಕೊಟ್ಟದ್ದು ಹದಿನಾಲ್ಕಕ್ಕೆ. ದಿನ ಎಣಿಸಿ ನೋಡು.

ಗೊತ್ತಿದ್ದೂ ಯಾಕೆ ಒಪ್ಪಿದೆ ಎಂದು ಕೇಳುತ್ತೀಯ. ಅಂಗಡಿಗೆ ಬರುವ ಹೊಸ ಹುಡುಗಿಯರಿಗೆ ಮೊದಲ ಆರು ತಿಂಗಳು ಹೊಲಿಗೆ ಬಿಡಿಸುವ ಕೆಲಸ ಬಿಟ್ಟು ಬೇರೇನೂ ಕೊಡುವುದಿಲ್ಲ. ನಿನಗೂ ಕೊಟ್ಟಿರಲಿಲ್ಲ, ನೀನು ಅತ್ತಿದ್ದೆ. ಬಿಡಿಸುವಾಗಲೇ ಹೊಲಿದವರ ಕೈ ಗೊತ್ತಾಗುವುದು. ಎಲ್ಲಿ ಬಿಗಿ ಹಿಡಿದರು, ಎಲ್ಲಿ ಅವಸರ ಮಾಡಿದರು, ಎಲ್ಲಿ ಕದ್ದರು. ಬೇಸರದಿಂದ ಬಿಡಿಸುವವಳು ಅಲ್ಲೇ ಉಳಿಯುತ್ತಾಳೆ. ನೋಡಿಕೊಂಡು ಬಿಡಿಸುವವಳಿಗೆ ಏಳನೇ ತಿಂಗಳು ಕತ್ತರಿ ಕೊಡುತ್ತೇನೆ. ಏಳು ಸಲ ಮೆಟ್ಟಿಲು ಹತ್ತಿ ಇಳಿದವಳು ಬೇಸರದಿಂದ ಬಿಡಿಸುವವಳಲ್ಲ. ಅಷ್ಟು ಸಾಕಾಯಿತು ನನಗೆ.

ದೊಡ್ಡ ಟೀಚರಿಗೆ ನಾನು ಏನೂ ಹೇಳುವುದಿಲ್ಲ. ಬರುವುದಿಲ್ಲವಾದರೆ ನೀನೇ ಅವರಿಗೆ ಬರೆದು ತಿಳಿಸು, ವಿಳಾಸ ನಿನಗೆ ಗೊತ್ತಿದೆ. ಹುಲಿಯೇ ಆಗಬೇಕೆಂದು ಗೋಡೆ ಕೇಳಿಲ್ಲ.

ಏಣಿ ಹೊತ್ತವಳಿಗೆ ಹೇಳು, ಸೂಜಿ ಹಿಡಿಯುವುದನ್ನು ಕಲಿಯಬೇಕಿದ್ದರೆ ನನ್ನ ಅಂಗಡಿ ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ.

ಅತ್ತೆ

*

ಏಪ್ರಿಲ್ 4

ಅತ್ತೆ,

ದೊಡ್ಡ ಟೀಚರಿಗೆ ಒಂದು ಪತ್ರ ಬರೆದೆ. ಅಂಚೆ ಪೆಟ್ಟಿಗೆಯವರೆಗೂ ಹೋದೆ. ಹಾಕದೆ ವಾಪಸ್ಸು ಬಂದೆ. ಅದರ ಹಿಂದಿನ ಖಾಲಿ ಕಡೆಯಲ್ಲೇ ಇದನ್ನು ಬರೆಯುತ್ತಿದ್ದೇನೆ, ತಿರುಗಿಸಿ ಓದಬೇಡ.

ಏಣಿ ಅಕ್ಕ ಟೈರ್ ಗೋದಾಮಿನ ಗೋಡೆಗೆ ಕೈಗಳನ್ನು ಹೊಸದಾಗಿ ಬಿಡಿಸುತ್ತಿದ್ದಾಳೆ. ಈ ಸಲ ಸೂಜಿಯೇ ದಾರದ ಮೇಲೆ ಬರುತ್ತಿದೆ. ಭಾನುವಾರ ನನ್ನನ್ನು ಕರೆದು ಹೆಬ್ಬೆರಳಿನ ಉಗುರನ್ನು ನನಗೆ ಬಿಟ್ಟಳು. ನಮ್ಮ ಕೋಣೆಯ ಬಾಗಿಲಿನಷ್ಟು ದೊಡ್ಡ ಉಗುರು. ಇಡೀ ದಿನ ಏಣಿಯ ಮೇಲೆ ಅದೊಂದರ ಮುಂದೆಯೇ ಇದ್ದೆ. ಉದ್ದಣ್ಣ ಕೆಳಗೆ ನಿಂತು, “ಇನ್ನು ಸ್ವಲ್ಪ ದಿನಕ್ಕೆ ಇದನ್ನೂ ನಾವೇ ಬಳೀಬೇಕು ಕಣೆ” ಎಂದ. “ಬಳಿಯೋಣ ಬಿಡಣ್ಣ” ಎಂದೆ. ಅಂಗಿಯ ತೋಳಿಗೆ ಗುಲಾಬಿ ಬಣ್ಣ ತಾಗಿದೆ. ಒಗೆದಿಲ್ಲ.

ಮೇಸ್ತ್ರಿ ನಾಲ್ಕು ದಿನ ರಜೆ ಕೊಟ್ಟರು. ಕೊಡುವಾಗ, “ಅಲ್ಲಿ ಯಾರಾದ್ರೂ ಇಂಟು ಹಾಕಿದ್ರೆ ಮೊದಲು ಕೇಳ್ಕೊ” ಎಂದರು.

ಗೋಡೆಯ ಅಳತೆ ತೆಗೆದಿಡು. ಅಂದಾಜು ಬೇಡ, ಟೇಪು ಹಿಡಿದೇ ಅಳೆ. ಉದ್ದ, ಎತ್ತರ, ಗೇಟಿನಿಂದ ಎಷ್ಟು ದೂರ, ಎಲ್ಲಿ ಬಿರುಕು, ಎಲ್ಲಿ ತೇವ. ಏನು ಬಿಡಿಸಬೇಕೋ ಇನ್ನೂ ತೋಚಿಲ್ಲ, ಗೋಡೆ ನೋಡಿದರೆ ತೋಚಬಹುದು. ಅಲ್ಲಿಯವರೆಗೆ ಯಾರೂ ಅದಕ್ಕೆ ಸುಣ್ಣ ಹಚ್ಚದ ಹಾಗೆ ನೋಡಿಕೋ. ಕೆಳಗಿನ ಎರಡು ಕೋಟು ಬೂದು ನಾನೇ ಬಳಿಯುತ್ತೇನೆ, ಕಡಿಮೆ ನೀರಿನಲ್ಲಿ. ಅದು ನನಗೆ ಈ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರುತ್ತದೆ.

ಹನ್ನೊಂದನೇ ತಾರೀಖು ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಮಕ್ಕಳು ಸುತ್ತ ನಿಂತು ನೋಡುತ್ತಾರಲ್ಲ, ಅದೊಂದೇ ಭಯ. ನೋಡಲಿ, ಆದರೆ ನಾನು ಏಣಿಯ ಮೇಲಿರುವಾಗ ಏನೂ ಕೇಳಬಾರದು ಎಂದು ದೊಡ್ಡ ಟೀಚರಿಗೆ ಹೇಳಿಬಿಡು.

ಬೇಡ, ಹೇಳಬೇಡ. ಕೇಳಲಿ.

ಪಿಸು